ರದ್ದಿಯೊಳಗಿನ ಕಾಡು

ಒಣ ರದ್ದಿಗೂ ಒದ್ದೆ ರದ್ದಿಗೂ ತೂಕದಲ್ಲಿ ಎಷ್ಟು ಅಂತರ ಎಂಬುದು ತಕ್ಕಡಿ ಹಿಡಿದವರಿಗೆಲ್ಲ ಗೊತ್ತು. ಕಾಗದ ನೀರು ಕುಡಿಯುತ್ತದೆ, ಕುಡಿದದ್ದನ್ನು ಬೇಗ ಬಿಟ್ಟುಕೊಡುವುದಿಲ್ಲ. 1980ರ ದಶಕದ ಹಾಂಗ್‌ಕಾಂಗ್‌ನಲ್ಲಿ ರದ್ದಿ ವ್ಯಾಪಾರಿಗಳು ರದ್ದಿಯನ್ನು ಒತ್ತಿ ಕಟ್ಟಿದ ಬೇಲ್‌ಗಳಿಗೆ ನೀರು ಹೊಡೆದು ತೂಕ ಹೆಚ್ಚಿಸುವುದು ರೂಢಿಯೇ ಆಗಿತ್ತು. ಕೊಳ್ಳುತ್ತಿದ್ದದ್ದು ಚೀನಾದ ಒಳನಾಡಿನ ಕಾಗದದ ಕಾರ್ಖಾನೆಗಳು. ಕಾಗದಕ್ಕೆಂದು ಅವು ಕೊಟ್ಟ ದುಡ್ಡಿನಲ್ಲಿ ಒಂದು ಪಾಲು ನೀರಿಗೆ ಹೋಗುತ್ತಿತ್ತು. 1985ರಲ್ಲಿ ಈ ವ್ಯಾಪಾರಕ್ಕೆ ಇಳಿದ 28ರ ಆಸುಪಾಸಿನ ಹೆಣ್ಣುಮಗಳೊಬ್ಬಳು ತನ್ನ ಬೇಲ್‌ಗಳಿಗೆ ನೀರು ಹೊಡೆಯುವುದಿಲ್ಲ ಎಂದು ಪಟ್ಟು ಹಿಡಿದಳು. ಉಳಿದವರಿಗೆ ಸಿಟ್ಟು ಬಂತು. ಹಾಂಗ್‌ಕಾಂಗ್‌ನ ಭೂಗತ ತಂಡಗಳಿಂದ ಬೆದರಿಕೆಯ ಫೋನ್ ಬಂತು. ಆಕೆ ಪಟ್ಟು ಬಿಡಲಿಲ್ಲ. ಒಣ ರದ್ದಿ ಸಿಗುವ ಜಾಗ ಇದು ಎಂದು ಗೊತ್ತಾದ ಮೇಲೆ ಕಾರ್ಖಾನೆಗಳೇ ಹುಡುಕಿಕೊಂಡು ಬಂದವು.

ಆಕೆಯ ಹೆಸರು ಜಾಂಗ್ ಯಿನ್. ಹಾಂಗ್‌ಕಾಂಗ್‌ನ ಕ್ಯಾಂಟನೀಸ್ ಉಚ್ಚಾರದಲ್ಲಿ ಚಿಯುಂಗ್ ಯಾನ್. ಬೆದರಿಕೆಯ ಫೋನ್ ಎತ್ತಿದ ಆ ದಿನಗಳಿಂದ ಎರಡು ದಶಕ ಕಳೆಯುವಷ್ಟರಲ್ಲಿ, 2006ರ ಅಕ್ಟೋಬರ್‌ನಲ್ಲಿ, ಹುರುನ್ ಸಂಸ್ಥೆ ತಯಾರಿಸುವ ಚೀನಾದ ಶ್ರೀಮಂತರ ಪಟ್ಟಿಯ ತುದಿಯಲ್ಲಿ ಅದೇ ಹೆಸರಿತ್ತು. ಆಸ್ತಿ 2,700 ಕೋಟಿ ಯುವಾನ್, ಅಂದಿನ ಲೆಕ್ಕದಲ್ಲಿ ಸುಮಾರು 340 ಕೋಟಿ ಡಾಲರ್. ಆ ಪಟ್ಟಿಯ ಮೊದಲ ಸ್ಥಾನಕ್ಕೆ ಹೆಣ್ಣೊಬ್ಬಳು ಬಂದದ್ದು ಅದೇ ಮೊದಲು. ಅಪ್ಪನಿಂದಲೋ ಗಂಡನಿಂದಲೋ ಬಂದ ಆಸ್ತಿಯಲ್ಲ, ಸ್ವಂತ ದುಡಿಮೆಯದು. ಹಾಗಾಗಿ ಅಮೆರಿಕದ ಪತ್ರಿಕೆಗಳು ಆಕೆಯನ್ನು ಓಪ್ರಾ ವಿನ್‌ಫ್ರೇ, ಜೆ.ಕೆ. ರೌಲಿಂಗ್ ಅವರ ಜೊತೆಗಿಟ್ಟು ತೂಗಿ ನೋಡಿದವು. ತಕ್ಕಡಿ ಆಕೆಯ ಕಡೆಗೇ ವಾಲಿತು.

'ರದ್ದಿಯ ರಾಣಿ' ಎಂಬ ಹೆಸರು ಬಿತ್ತು. ನಮ್ಮಲ್ಲಾದರೆ 'ಕಸದಿಂದ ರಸ' ಎಂದು ಹೇಳಿ ಮುಗಿಸಿಬಿಡುತ್ತಿದ್ದೆವು. ಹಾಗೆ ಮುಗಿಸಿದರೆ ಆಕೆಗೆ ಅನ್ಯಾಯವಾಗುತ್ತದೆ. ಕಸವನ್ನು ಎಲ್ಲರೂ ನೋಡುತ್ತಾರೆ. ಅದರೊಳಗಿನ ನಾರು ಎಷ್ಟು ಉದ್ದ, ಅದು ಯಾವ ಮರದ್ದು, ಎಷ್ಟು ಸಲ ನೆಂದು ಒಣಗಿದೆ, ಅದನ್ನು ಸಾಗಿಸಲು ಬೀಳುವ ಬಾಡಿಗೆ ಎಷ್ಟು ಎಂದು ನೋಡುವ ಕಣ್ಣು ಎಲ್ಲರಿಗೂ ಇರುವುದಿಲ್ಲ. ಜಾಂಗ್ ಯಿನ್ ಅವರ ಬದುಕು ಆ ಕಣ್ಣಿನ ಕಥೆ.

ಹುಟ್ಟಿದ್ದು 1957ರಲ್ಲಿ, ಗುವಾಂಗ್‌ಡಾಂಗ್ ಪ್ರಾಂತ್ಯದ ಉತ್ತರಕ್ಕಿರುವ ಶಾವೊಗುವಾನ್‌ನಲ್ಲಿ. ತಂದೆ ಸೈನ್ಯದ ಅಧಿಕಾರಿ. ಎಂಟು ಮಕ್ಕಳಲ್ಲಿ ಈಕೆಯೇ ಹಿರಿಯಳು. ಸಾಂಸ್ಕೃತಿಕ ಕ್ರಾಂತಿಯ ಬಿರುಗಾಳಿ ಬೀಸಿದಾಗ ತಂದೆಯನ್ನು ಸೆರೆಮನೆಗೆ ಹಾಕಿದರು. ಎಂಟು ಮಕ್ಕಳ ಮನೆಯಲ್ಲಿ ದುಡಿಯುವ ಗಂಡಸು ಜೈಲಿಗೆ ಹೋದರೆ ಹಿರಿಮಗಳ ಪಾಲಿಗೆ ಏನು ಬರುತ್ತದೆ ಎಂಬುದನ್ನು ನಮ್ಮ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಜಾಂಗ್ ಬೇಗ ದುಡಿಮೆಗೆ ಇಳಿದರು. ಲೆಕ್ಕಪತ್ರದ ಕೆಲಸ ಕಲಿತರು. ಮಾವೊ ನಿಧನರಾಗಿ ಡೆಂಗ್ ಶಿಯಾವೊಪಿಂಗ್ ಅವರ ಸುಧಾರಣೆಗಳು ಶುರುವಾದ ಮೇಲೆ ಹೊಸದಾಗಿ ಬೆಳೆಯುತ್ತಿದ್ದ ಷೆನ್‌ಝೆನ್‌ನ ವ್ಯಾಪಾರಿ ಕಂಪನಿಯೊಂದರಲ್ಲಿ ಕೆಲಸಕ್ಕೆ ಸೇರಿದರು. ಕಾಗದದ ವಹಿವಾಟಿನ ಪರಿಚಯವಾದದ್ದು ಈ ವರ್ಷಗಳಲ್ಲಿ.

ಆಗ ಚೀನಾದ ಕಾಗದದ ಸ್ಥಿತಿ ಹೇಗಿತ್ತು ಎಂದು ತಿಳಿಯದೆ ಮುಂದಿನದು ಅರ್ಥವಾಗುವುದಿಲ್ಲ. ಆ ದೇಶದಲ್ಲಿ ಮರ ಕಡಿಮೆ, ಜನ ಹೆಚ್ಚು. ಗೋಧಿ ಹುಲ್ಲು, ಭತ್ತದ ಹುಲ್ಲು, ಜೊಂಡು, ಬಿದಿರು, ಇವನ್ನು ಬೇಯಿಸಿ ಅರೆದು ಕಾಗದ ಮಾಡುತ್ತಿದ್ದರು. ಹುಲ್ಲಿನ ನಾರು ಗಿಡ್ಡ. ಅದರಿಂದ ಮಾಡಿದ ರಟ್ಟು ಒತ್ತಿದರೆ ಕುಸಿಯುತ್ತದೆ, ತೇವ ತಾಗಿದರೆ ಅರಳುತ್ತದೆ. ಬರೆಯಲು ಹೇಗೋ ನಡೆದೀತು; ಟೆಲಿವಿಷನ್ ಹೊತ್ತು ಹಡಗಿನಲ್ಲಿ ಹದಿನೈದು ದಿನ ಕೂರಬೇಕಾದ ಪೆಟ್ಟಿಗೆಗೆ ಅದು ಸಾಲದು. ಅಮೆರಿಕದ ರಟ್ಟಿನ ಪೆಟ್ಟಿಗೆಯನ್ನು ಹರಿದು ಅದರ ಅಂಚನ್ನು ಬೆಳಕಿಗೆ ಹಿಡಿದರೆ ಬೇರೆಯೇ ಲೋಕ ಕಾಣುತ್ತದೆ. ಹರಿದ ಕಡೆ ಕೂದಲೆಳೆಯಂತೆ ನಾರು ಎದ್ದು ನಿಂತಿರುತ್ತದೆ. ಬೆರಳಲ್ಲಿ ಎಳೆದರೆ ಪಕ್ಕದ ನಾರನ್ನು ಹಿಡಿದುಕೊಂಡೇ ಬರುತ್ತದೆ. ಅದು ಪೈನ್‌ನಂಥ ಸೂಜಿಯೆಲೆ ಮರಗಳ ಉದ್ದನೆಯ ನಾರು. ಒಮ್ಮೆ ಪೆಟ್ಟಿಗೆಯಾಗಿ ಎಸೆದ ಮೇಲೂ ಅದರ ಕಸು ಪೂರ್ತಿ ಹೋಗಿರುವುದಿಲ್ಲ. ನೀರಿನಲ್ಲಿ ನೆನೆಸಿ ಕದಡಿದರೆ ಮತ್ತೆ ಬಿಡಿಬಿಡಿಯಾಗುತ್ತದೆ, ಹಾಸಿ ಒಣಗಿಸಿದರೆ ಮತ್ತೆ ಹೆಣೆದುಕೊಳ್ಳುತ್ತದೆ. ಐದಾರು ಸಲ ಹೀಗೆ ಬಳಸಬಹುದು. ಪ್ರತಿ ಸಲವೂ ನಾರು ಸ್ವಲ್ಪ ಗಿಡ್ಡವಾಗುತ್ತದೆ, ಅಷ್ಟೇ.

ರದ್ದಿ ಎಂದರೆ ಕಾಡು ಇದ್ದ ಹಾಗೆ ಎಂದು ಕಾಗದದ ಕಾರ್ಖಾನೆಯ ಹಿರಿಯರೊಬ್ಬರು ತನಗೆ ಹೇಳಿದ್ದನ್ನು ಜಾಂಗ್ ಮುಂದೆ ಪತ್ರಕರ್ತರ ಬಳಿ ನೆನೆದಿದ್ದಾರೆ. ತಲೆಮಾರಿನಿಂದ ತಲೆಮಾರಿಗೆ ಚಿಗುರುತ್ತಲೇ ಇರುವ ಕಾಡು. ಆ ಮಾತನ್ನು ಬಹಳ ಜನ ಕೇಳಿರಬಹುದು. ಈಕೆ ಅದನ್ನು ಲೆಕ್ಕದ ಪುಸ್ತಕಕ್ಕೆ ಇಳಿಸಿದರು.

ಸುಮಾರು 30,000 ಯುವಾನ್ ಉಳಿತಾಯ ಹಿಡಿದು ಹಾಂಗ್‌ಕಾಂಗ್‌ಗೆ ಹೋದದ್ದು 1985ರಲ್ಲಿ. ನೀರು ಹೊಡೆಯದ ವ್ಯಾಪಾರ ಕೈಹಿಡಿಯಿತು. ಆದರೆ ಹಾಂಗ್‌ಕಾಂಗ್ ಎಷ್ಟೆಂದರೂ ಅಂಗೈಯಗಲದ ಊರು. ಅಲ್ಲಿ ಹುಟ್ಟುವ ರದ್ದಿಗೆ ಮಿತಿಯಿತ್ತು, ಚೀನಾದ ಕಾರ್ಖಾನೆಗಳ ಹಸಿವಿಗೆ ಮಿತಿ ಇರಲಿಲ್ಲ. ಜಗತ್ತಿನಲ್ಲಿ ಅತಿ ಹೆಚ್ಚು ಕಾಗದ ಬಳಸಿ ಎಸೆಯುವವರು ಯಾರು ಎಂದು ನೋಡಿದರೆ ಉತ್ತರ ಪೆಸಿಫಿಕ್ ಸಾಗರದ ಆಚೆ ದಡದಲ್ಲಿತ್ತು.

1990ರಲ್ಲಿ ಅವರು ಲಾಸ್ ಏಂಜಲೀಸ್‌ಗೆ ಹೋದರು. ಜೊತೆಗೆ ಗಂಡ ಲಿಯು ಮಿಂಗ್ ಚುಂಗ್. ತೈವಾನ್‌ನಲ್ಲಿ ಹುಟ್ಟಿ ಬ್ರೆಜಿಲ್‌ನಲ್ಲಿ ಬೆಳೆದು ದಂತವೈದ್ಯ ಓದಿದ ಲಿಯು ಅವರಿಗೆ ಇಂಗ್ಲಿಷ್ ಸಲೀಸು. ಜಾಂಗ್‌ಗೆ ಇಂಗ್ಲಿಷ್ ಬಾರದು. ಹಲ್ಲಿನ ಡಾಕ್ಟರಾಗಿ ಹಾಯಾಗಿ ಇರಬಹುದಾಗಿದ್ದ ಗಂಡ ಹೆಂಡತಿಯ ಜೊತೆ ಗುಜರಿ ಅಂಗಳಗಳನ್ನು ಸುತ್ತಲು ನಿಂತರು. ಇಬ್ಬರೂ ಸೇರಿ ಅಮೆರಿಕ ಚುಂಗ್ ನಾಮ್ ಎಂಬ ಕಂಪನಿ ಕಟ್ಟಿದರು. ಹಳೆಯ ಡಾಡ್ಜ್ ವ್ಯಾನ್ ಒಂದರಲ್ಲಿ ಊರೂರು ತಿರುಗುವುದು, ಕಸದ ಯಾರ್ಡುಗಳ ಬಾಗಿಲು ತಟ್ಟುವುದು, ರದ್ದಿ ಕೊಡುತ್ತೀರಾ ಎಂದು ಕೇಳುವುದು. ಮಾತು ಗಂಡನದು, ಲೆಕ್ಕ ಹೆಂಡತಿಯದು.

ಇಲ್ಲಿ ಜಾಂಗ್ ಗುರುತಿಸಿದ ಸಂಗತಿ ಇಡೀ ಕಥೆಯ ಕೀಲಿ. ಏಷ್ಯಾದಿಂದ ಆಟಿಕೆ, ಷೂ, ಬಟ್ಟೆ, ಎಲೆಕ್ಟ್ರಾನಿಕ್ ಸಾಮಾನು ತುಂಬಿಕೊಂಡು ಹಡಗುಗಳು ಕ್ಯಾಲಿಫೋರ್ನಿಯಾದ ಬಂದರುಗಳಿಗೆ ಬರುತ್ತಿದ್ದವು. ಇಳಿಸಿದ ಮೇಲೆ? ಅಮೆರಿಕದಿಂದ ಚೀನಾ ಕೊಳ್ಳುತ್ತಿದ್ದದ್ದು ಅಷ್ಟಕ್ಕಷ್ಟೇ. ಕಂಟೇನರುಗಳು ಖಾಲಿ ಹೊರಡುತ್ತಿದ್ದವು. ಬೆಂಗಳೂರಿಗೆ ತರಕಾರಿ ಇಳಿಸಿದ ಲಾರಿಯವನು ವಾಪಸ್ ಹೋಗುವಾಗ ಬಂದಷ್ಟು ಬಾಡಿಗೆಗೆ ಏನು ಸಿಕ್ಕರೂ ಹೇರಿಕೊಳ್ಳುವುದಿಲ್ಲವೇ, ಹಡಗು ಕಂಪನಿಗಳದ್ದೂ ಅದೇ ಪಾಡು. ಖಾಲಿ ಒಯ್ಯುವುದಕ್ಕಿಂತ ಕಡಿಮೆ ಬಾಡಿಗೆಗೆ ರದ್ದಿ ಒಯ್ಯುವುದು ಲಾಭ. ಹೀಗೆ ಸಾಗರ ದಾಟಿಸುವ ಖರ್ಚು ಜುಜುಬಿಯಾಯಿತು. ತೂಕ ಹೆಚ್ಚು, ಬೆಲೆ ಕಡಿಮೆ ಇರುವ ರದ್ದಿಯಂಥ ಸರಕಿಗೆ ಸಾಗಣೆಯ ಖರ್ಚೇ ಸಾವು ಬದುಕಿನ ಪ್ರಶ್ನೆ. ಅದನ್ನು ಈಕೆ ಪರದೇಶದ ಹಡಗುಗಳ ಖಾಲಿ ಹೊಟ್ಟೆಯಲ್ಲಿ ಬಗೆಹರಿಸಿಕೊಂಡರು.

ಹತ್ತು ವರ್ಷದೊಳಗೆ ಅಮೆರಿಕ ಚುಂಗ್ ನಾಮ್ ಅಮೆರಿಕದಿಂದ ಅತಿ ಹೆಚ್ಚು ರದ್ದಿ ಹೊರಕಳಿಸುವ ಕಂಪನಿಯಾಯಿತು. 2001ರ ಹೊತ್ತಿಗೆ ಇನ್ನೂ ದೊಡ್ಡ ಮಾತು: ಕಂಟೇನರುಗಳ ಎಣಿಕೆಯಲ್ಲಿ ಅದು ಅಮೆರಿಕದ ಅತಿ ದೊಡ್ಡ ರಫ್ತುದಾರ. ವಿಮಾನ, ಯಂತ್ರ, ಧಾನ್ಯ ಮಾರುವ ಹಳೆಯ ಹೆಸರುಗಳ ದೇಶದಲ್ಲಿ ಅತಿ ಹೆಚ್ಚು ಡಬ್ಬಿ ಹಡಗಿಗೇರಿಸುತ್ತಿದ್ದವರು ರದ್ದಿಯವರು.

ಇಷ್ಟಕ್ಕೇ ನಿಂತಿದ್ದರೆ ಜಾಂಗ್ ಒಳ್ಳೆಯ ವ್ಯಾಪಾರಿ ಎನ್ನಿಸಿಕೊಳ್ಳುತ್ತಿದ್ದರು. ರದ್ದಿ ಕಳಿಸುವವಳೇ ರಟ್ಟನ್ನೂ ಯಾಕೆ ಮಾಡಬಾರದು ಎಂಬ ಯೋಚನೆ 1995ರಲ್ಲಿ ಅವರನ್ನು ಮತ್ತೆ ಚೀನಾಕ್ಕೆ ಕರೆತಂದಿತು. ಗುವಾಂಗ್‌ಡಾಂಗ್‌ನ ಡಾಂಗ್‌ಗುವಾನ್‌ನಲ್ಲಿ ನೈನ್ ಡ್ರ್ಯಾಗನ್ಸ್ ಪೇಪರ್ ಹುಟ್ಟಿತು. ಚೀನೀ ಭಾಷೆಯಲ್ಲಿ ಜಿಯುಲಾಂಗ್, ಒಂಬತ್ತು ಡ್ರ್ಯಾಗನ್. ಹಾಂಗ್‌ಕಾಂಗ್‌ನ ಕೌಲೂನ್ ಎಂಬ ಹೆಸರಿನ ಅರ್ಥವೂ ಅದೇ. ಜಾಗದ ಆಯ್ಕೆಯಲ್ಲಿಯೂ ಅದೇ ಕಣ್ಣು ಕೆಲಸ ಮಾಡಿದೆ. ಡಾಂಗ್‌ಗುವಾನ್ ಸುತ್ತ ಷೂ, ಆಟಿಕೆ, ಕಂಪ್ಯೂಟರ್ ಬಿಡಿಭಾಗಗಳ ಕಾರ್ಖಾನೆಗಳು ಸಾವಿರಗಟ್ಟಲೆ. ಪರ್ಲ್ ನದಿಯ ಮುಖಜಭೂಮಿಯಾದ್ದರಿಂದ ದೋಣಿ, ಬಾರ್ಜ್‌ಗಳಲ್ಲಿ ಸರಕು ಬಾಗಿಲಿಗೇ ಬರುತ್ತದೆ. ರಟ್ಟು ಬೇಕಾದವರೂ ಅಲ್ಲೇ, ರದ್ದಿ ಇಳಿಯುವುದೂ ಅಲ್ಲೇ.

ಮೊದಲ ಯಂತ್ರ 1998ರಲ್ಲಿ ಓಡಿತು. ಅಂಥ ಯಂತ್ರದ ಕೆಲಸ ಹೀಗೆ: ಸುಮಾರು ಅರ್ಧ ಟನ್ ತೂಗುವ ಬೇಲ್‌ಗಳ ತಂತಿ ಕತ್ತರಿಸಿ, ಮನೆಯ ಮಿಕ್ಸಿಯನ್ನು ಬಾವಿಯಷ್ಟು ದೊಡ್ಡದಾಗಿಸಿದಂತಿರುವ ತೊಟ್ಟಿಗೆ ನೂಕುತ್ತಾರೆ. ಕೆಳಗೆ ತಿರುಗುವ ರೆಕ್ಕೆ, ಮೇಲೆ ನೀರು. ನಿಮಿಷಗಳಲ್ಲಿ ಪೆಟ್ಟಿಗೆ ಹೋಗಿ ಬೂದುಕಂದು ಅಂಬಲಿಯಾಗುತ್ತದೆ. ಸ್ಟೇಪಲ್ ಪಿನ್ನು, ಪ್ಲಾಸ್ಟಿಕ್ ಟೇಪು, ಥರ್ಮಾಕೋಲ್ ಚೂರು, ಮರಳು, ಎಲ್ಲವನ್ನೂ ಜರಡಿಗಳು ಹಿಡಿದು ಹಾಕುತ್ತವೆ. ನೂರು ಪಾಲಿನಲ್ಲಿ ಒಂದು ಪಾಲು ನಾರು, ಉಳಿದದ್ದು ನೀರು ಎಂಬಷ್ಟು ತೆಳ್ಳಗಾದ ಆ ಅಂಬಲಿ ಓಡುವ ಜಾಲರಿಯ ಮೇಲೆ ಚಿಮ್ಮುತ್ತದೆ. ನೀರು ಬಸಿದುಹೋಗುತ್ತದೆ, ನಾರು ಉಳಿಯುತ್ತದೆ. ಉರುಳೆಗಳ ನಡುವೆ ಹಿಂಡಿಸಿಕೊಂಡು, ಹಬೆ ತುಂಬಿದ ಬಿಸಿ ಸಿಲಿಂಡರುಗಳ ಮೈಸವರಿ ಬರುವಷ್ಟರಲ್ಲಿ ಅದು ಹಾಳೆ. ಈ ಕಡೆ ಅಂಬಲಿ ಸುರಿದು ಆ ಕಡೆ ರಟ್ಟಿನ ಸುರುಳಿ ತೆಗೆಯುವ ಯಂತ್ರದ ಉದ್ದ ನೂರಾರು ಅಡಿ. ಹಗಲಿರುಳು ಓಡಬೇಕು, ನಿಂತ ಪ್ರತಿ ಗಂಟೆಯೂ ನಷ್ಟ.

1998ರಲ್ಲಿಯೇ ಇನ್ನೊಂದು ಘಟನೆ ನಡೆಯಿತು. ಯಾಂಗ್‌ಟ್ಸಿ ನದಿಯ ಭೀಕರ ಪ್ರವಾಹ ಸಾವಿರಾರು ಜನರನ್ನು ಬಲಿ ತೆಗೆದುಕೊಂಡಿತು. ಮೇಲಣ ಕಣಿವೆಗಳ ಕಾಡು ಬೋಳಾದದ್ದೂ ಅದಕ್ಕೆ ಕಾರಣ ಎಂದು ಒಪ್ಪಿಕೊಂಡ ಚೀನಾ ಸರ್ಕಾರ ಸಹಜ ಅರಣ್ಯಗಳಲ್ಲಿ ಮರ ಕಡಿಯುವುದಕ್ಕೆ ಕಡಿವಾಣ ಹಾಕಿತು. ದೇಶದ ಮರ ಇನ್ನಷ್ಟು ಅಪರೂಪವಾಯಿತು, ಹೊರಗಿನಿಂದ ಬರುವ ನಾರಿಗೆ ಬೆಲೆ ಏರಿತು. 2001ರ ಕೊನೆಗೆ ಚೀನಾ ವಿಶ್ವ ವ್ಯಾಪಾರ ಸಂಘಟನೆ ಸೇರಿತು. ರಫ್ತು ಉಕ್ಕಿತು, ಹೊರಹೋಗುವ ಪ್ರತಿ ಸಾಮಾನಿಗೂ ಪೆಟ್ಟಿಗೆ ಬೇಕು. ಅಮೆರಿಕದ ಅಂಗಡಿಯ ಹಿತ್ತಲಲ್ಲಿ ಚಪ್ಪಟೆ ಮಾಡಿ ಕಟ್ಟಿದ ಪೆಟ್ಟಿಗೆ ಸಾಗರ ದಾಟಿ ಡಾಂಗ್‌ಗುವಾನ್‌ನಲ್ಲಿ ಕರಗಿ, ಹೊಸ ಪೆಟ್ಟಿಗೆಯಾಗಿ, ಹೊಸ ಟೆಲಿವಿಷನ್ ಹೊತ್ತು ಅದೇ ಅಂಗಡಿಗೆ ಮರಳುವ ಚಕ್ರ ತಿರುಗತೊಡಗಿತು. ಚಕ್ರದ ಎರಡು ಕಡೆಯೂ ಜಾಂಗ್ ಕುಟುಂಬದ ಕಂಪನಿಗಳೇ. ಗಂಡ ಲಿಯು, ತಮ್ಮ ಜಾಂಗ್ ಚೆಂಗ್‌ಫೇ ಆಡಳಿತದ ಹೊರೆ ಹಂಚಿಕೊಂಡರು. ಜಿಯಾಂಗ್ಸು ಪ್ರಾಂತ್ಯದ ತೈತ್ಸಾಂಗ್‌ನಲ್ಲಿ ಎರಡನೇ ನೆಲೆ ಎದ್ದಿತು. 2006ರ ಮಾರ್ಚ್‌ನಲ್ಲಿ ನೈನ್ ಡ್ರ್ಯಾಗನ್ಸ್ ಹಾಂಗ್‌ಕಾಂಗ್ ಷೇರುಪೇಟೆಗೆ ಬಂತು. ಆರೇಳು ತಿಂಗಳಲ್ಲಿ ಹುರುನ್ ಪಟ್ಟಿಯ ಆ ಸುದ್ದಿ.

ಮರುವರ್ಷ ಆಸ್ತಿ ಇನ್ನೂ ಉಬ್ಬಿತು, ಆದರೆ ಮೊದಲ ಸ್ಥಾನ ಕಂಟ್ರಿ ಗಾರ್ಡನ್ ಎಂಬ ಮನೆ ಕಟ್ಟುವ ಕಂಪನಿಯ ಷೇರುಗಳನ್ನು ತಂದೆಯಿಂದ ಪಡೆದ ಯಾಂಗ್ ಹುಯಿಯಾನ್‌ಗೆ ಹೋಯಿತು.

ಆಮೇಲೆ ಬಂತು 2008. ಆ ವರ್ಷ ಜಾಂಗ್ ಅವರ ಬದುಕಿನಲ್ಲಿ ಎರಡು ಸಲ ನೆಲ ನಡುಗಿತು. ಅವರು ಚೀನಾದ ರಾಜಕೀಯ ಸಲಹಾ ಸಮ್ಮೇಳನದ ಸದಸ್ಯೆಯಾಗಿದ್ದರು. ವರ್ಷದ ಮೊದಲ ದಿನ ಜಾರಿಗೆ ಬಂದಿದ್ದ ಹೊಸ ಕಾರ್ಮಿಕ ಗುತ್ತಿಗೆ ಕಾನೂನು, ದೀರ್ಘಕಾಲ ದುಡಿದವರಿಗೆ ಅವಧಿಯ ಮಿತಿಯಿಲ್ಲದ ಗುತ್ತಿಗೆಯ ಹಕ್ಕು ಕೊಟ್ಟಿತ್ತು. ಮಾರ್ಚ್‌ನ ಅಧಿವೇಶನದಲ್ಲಿ ಜಾಂಗ್ ಅದನ್ನು ಸಡಿಲಿಸಬೇಕೆಂದರು. ಅತಿ ಹೆಚ್ಚು ಗಳಿಸುವವರ ಆದಾಯ ತೆರಿಗೆಯನ್ನು ಶೇ 45ರಿಂದ 30ಕ್ಕೆ ಇಳಿಸಬೇಕೆಂದೂ ಕೇಳಿದರು. ದೇಶದ ತುಂಬ ಸಿಟ್ಟು ಹೊತ್ತಿಕೊಂಡಿತು. ಬಡತನದಿಂದ ಎದ್ದು ಬಂದವಳೇ ಹೀಗೆಂದರೆ ಎಂದು ಜನ ನೊಂದುಕೊಂಡರು. ಆ ನೋವಿನಲ್ಲಿ ನ್ಯಾಯವಿತ್ತು. ಅದರ ಬೆನ್ನಿಗೇ, ಏಪ್ರಿಲ್‌ನಲ್ಲಿ, ಹಾಂಗ್‌ಕಾಂಗ್‌ನ ಕಾರ್ಮಿಕ ಹಕ್ಕುಗಳ ಸಂಘಟನೆ ಸಾಕೋಮ್ ನೈನ್ ಡ್ರ್ಯಾಗನ್ಸ್ ಕಾರ್ಖಾನೆಗಳ ಬಗ್ಗೆ ವರದಿ ಹೊರಡಿಸಿತು. ಅಪಘಾತಗಳು, ಸಣ್ಣಪುಟ್ಟ ತಪ್ಪಿಗೂ ಸಂಬಳದಿಂದ ದಂಡ, ಸುರಕ್ಷತೆಯ ಕೊರತೆ, ಇವು ಅದರ ಆರೋಪಗಳು. ಕಂಪನಿ ಅಲ್ಲಗಳೆಯಿತು. ಗುವಾಂಗ್‌ಡಾಂಗ್‌ನ ಸರ್ಕಾರಿ ಕಾರ್ಮಿಕ ಒಕ್ಕೂಟ ಪರಿಶೀಲನೆಗೆ ಬಂತು. ರಕ್ತ ಹೀರುವ ಕಾರ್ಖಾನೆ ಎನ್ನಲಾಗದು, ಆದರೆ ತಪ್ಪುಗಳಿವೆ ಎಂಬ ಧಾಟಿಯಲ್ಲಿ ಮಾತಾಡಿತು.

ಟನ್‌ಗಟ್ಟಲೆ ತೂಕದ ಸುರುಳಿಗಳು, ಕ್ಷಣ ನಿಲ್ಲದ ಉರುಳೆಗಳು, ಕುದಿಯುವ ಹಬೆ. ಕಾಗದದ ಕಾರ್ಖಾನೆ ಎಲ್ಲೇ ಇರಲಿ, ಅಲ್ಲಿ ಒಂದು ಕ್ಷಣದ ಮರೆವಿಗೆ ಬೆರಳು, ಕೈ, ಜೀವ ಬೆಲೆಯಾಗುತ್ತವೆ. ಜಾಂಗ್ ಅವರ ಸಾಹಸದ ಬಗ್ಗೆ ಬರೆದ ಎಷ್ಟೋ ಲೇಖನಗಳಲ್ಲಿ ಆ ಉರುಳೆಯ ಪಕ್ಕ ರಾತ್ರಿ ಪಾಳಿಯಲ್ಲಿ ನಿಂತವರಿಗೆ ಒಂದು ಸಾಲೂ ಸಿಕ್ಕಿಲ್ಲ. ಒಳನಾಡಿನ ಹಳ್ಳಿಗಳಿಂದ ಬಂದು ಡಾರ್ಮಿಟರಿಯಲ್ಲಿ ಮಲಗಿ ದುಡಿದ ಆ ಸಾವಿರಾರು ಜನರಿಲ್ಲದೆ ಹುರುನ್ ಪಟ್ಟಿಯ ಅಂಕಿ ಇಲ್ಲ.

ಎರಡನೇ ನಡುಕ ಹಣದ್ದು. ಜಾಂಗ್ ಸಾಲ ಮಾಡಿ ಯಂತ್ರದ ಮೇಲೆ ಯಂತ್ರ ತರಿಸುತ್ತಿದ್ದರು. 2008ರ ಕೊನೆಗೆ ಅಮೆರಿಕದ ಆರ್ಥಿಕ ಕುಸಿತ ಬಂದಾಗ ಸಾಮಾನು ಕೊಳ್ಳುವವರು ನಿಂತರು, ಪೆಟ್ಟಿಗೆಗೆ ಬೇಡಿಕೆ ನಿಂತಿತು, ರದ್ದಿಯ ಬೆಲೆಯೂ ಪಾತಾಳಕ್ಕಿಳಿಯಿತು. ನೈನ್ ಡ್ರ್ಯಾಗನ್ಸ್ ಷೇರು ತನ್ನ ಶಿಖರದ ಬೆಲೆಯಲ್ಲಿ ಶೇ 90ಕ್ಕಿಂತ ಹೆಚ್ಚು ಕಳೆದುಕೊಂಡಿತು. ಕಂಪನಿ ಮುಳುಗುತ್ತದೆ ಎಂದು ಪೇಟೆಯಲ್ಲಿ ಮಾತಾಡಿಕೊಂಡರು. ಮುಳುಗಲಿಲ್ಲ. ನವೆಂಬರ್‌ನಲ್ಲಿ ಚೀನಾ ಸರ್ಕಾರ 4 ಲಕ್ಷ ಕೋಟಿ ಯುವಾನ್‌ನ ಉತ್ತೇಜನ ಯೋಜನೆ ಘೋಷಿಸಿತು. ದೇಶದ ಒಳಗಿನ ಬೇಡಿಕೆ ಚೇತರಿಸಿಕೊಂಡಿತು. 2009ರಲ್ಲಿ ಷೇರು ಮತ್ತೆ ಮೇಲೆದ್ದಿತು. ಸಾಲ ಮಾಡಿ ತಂದ ಯಂತ್ರಗಳು ಆಗ ಓಡಲು ಸಿದ್ಧವಾಗಿ ನಿಂತಿದ್ದವು. ಇದರಲ್ಲಿ ಛಲವೂ ಇತ್ತು, ಸರ್ಕಾರದ ಹಣದ ಹೊಳೆ ತಕ್ಕ ಹೊತ್ತಿಗೆ ಹರಿದ ಅದೃಷ್ಟವೂ ಇತ್ತು.

ಆದರೆ ಚಕ್ರಕ್ಕೆ ಬಿದ್ದ ದೊಡ್ಡ ಪೆಟ್ಟು ಬಂದದ್ದು ಆಮೇಲೆ. ಅಮೆರಿಕ ಯುರೋಪ್‌ಗಳಿಂದ ಬರುವ 'ರದ್ದಿ'ಯ ಜೊತೆ ಊಟದ ಎಂಜಲು ಅಂಟಿದ ತಟ್ಟೆ, ಮಗುವಿನ ಡಯಾಪರ್, ಒಡೆದ ಗಾಜು ಕೂಡ ಬರುತ್ತಿದ್ದವು. ಜಗತ್ತಿನ ಕಸದ ತೊಟ್ಟಿಯಾಗಲು ಇನ್ನು ಒಲ್ಲೆವು ಎಂದು ಚೀನಾ 2017ರ ಜುಲೈನಲ್ಲಿ ವಿಶ್ವ ವ್ಯಾಪಾರ ಸಂಘಟನೆಗೆ ತಿಳಿಸಿತು. 2018ರ ಆರಂಭದಿಂದ ವಿಂಗಡಿಸದ ಕಾಗದ, ಪ್ಲಾಸ್ಟಿಕ್ ಸೇರಿ 24 ಬಗೆಯ ಕಸದ ಆಮದಿಗೆ ನಿಷೇಧ. ಉಳಿದ ರದ್ದಿಯಲ್ಲಿ ಬೇರೆ ಕಸ ಶೇ 0.5 ಮೀರುವಂತಿಲ್ಲ ಎಂಬ ಮಿತಿ. 2021ರ ಜನವರಿ 1ರಿಂದ ಘನತ್ಯಾಜ್ಯದ ಆಮದೇ ಪೂರ್ತಿ ಬಂದ್. 1985ರಿಂದ ಜಾಂಗ್ ಕಟ್ಟಿದ ದಾರಿ ಮುಚ್ಚಿಹೋಯಿತು.

ಅವರು ಕೈಕಟ್ಟಿ ಕೂರಲಿಲ್ಲ. ರದ್ದಿ ಒಳಗೆ ಬರುವಂತಿಲ್ಲ, ಆದರೆ ಅದನ್ನು ಅಲ್ಲೇ ಕರಗಿಸಿ ತೊಳೆದು ತಿರುಳಿನ ಹಲಗೆ ಮಾಡಿದರೆ ಅದು ಕಸವಲ್ಲ, ಕಚ್ಚಾ ಸಾಮಗ್ರಿ. 2018ರಲ್ಲಿ ನೈನ್ ಡ್ರ್ಯಾಗನ್ಸ್ ಅಮೆರಿಕದಲ್ಲಿ ಒಂದಾದ ಮೇಲೊಂದು ಕಾರ್ಖಾನೆ ಕೊಂಡಿತು. ಮೇನ್ ರಾಜ್ಯದ ರಮ್‌ಫೋರ್ಡ್ ಮತ್ತು ಓಲ್ಡ್ ಟೌನ್, ವಿಸ್ಕಾನ್ಸಿನ್‌ನ ಬೈರನ್, ವೆಸ್ಟ್ ವರ್ಜೀನಿಯಾದ ಫೇರ್‌ಮಾಂಟ್. ಇವುಗಳಲ್ಲಿ ಕೆಲವು ಕಾಗದದ ಗಿರಣಿಯನ್ನೇ ನಂಬಿ ಬೆಳೆದ ಊರುಗಳು. ಪತ್ರಿಕೆ ಓದುವವರು ಕಡಿಮೆಯಾಗಿ, ಬರೆಯುವ ಕಾಗದ ಕೇಳುವವರಿಲ್ಲದೆ ಗಿರಣಿಗಳು ಸೊರಗುತ್ತಿದ್ದ ಹೊತ್ತು. ಓಲ್ಡ್ ಟೌನ್‌ನ ಗಿರಣಿಯಂತೂ 2015ರಲ್ಲೇ ಮುಚ್ಚಿತ್ತು. ಮೂವತ್ತು ವರ್ಷದ ಹಿಂದೆ ವ್ಯಾನಿನಲ್ಲಿ ಬಂದು ರದ್ದಿ ಕೇಳಿದ್ದ ಹೆಂಗಸಿನ ಕಂಪನಿ ಅದರ ಬಾಗಿಲು ತೆರೆಸಿತು. 2019ರಲ್ಲಿ ಚಿಮಣಿಯಿಂದ ಮತ್ತೆ ಹಬೆ ಎದ್ದಿತು, ಹಳೆಯ ಕೆಲಸಗಾರರಲ್ಲಿ ಹಲವರು ಮರಳಿದರು. ಆ ಸಂತೋಷ ಬಹಳ ಕಾಲ ಉಳಿಯಲಿಲ್ಲ. 2023ರಲ್ಲಿ ಅಲ್ಲಿನ ಉತ್ಪಾದನೆ ಮತ್ತೆ ನಿಂತಿತು.

ಚೀನಾ ಒಲ್ಲೆನೆಂದ ರದ್ದಿ ಬೇರೆ ದಾರಿ ಹುಡುಕಿತು. ಇಂಡೊನೇಷ್ಯಾ, ವಿಯೆಟ್ನಾಂ, ಥಾಯ್ಲೆಂಡ್, ಮಲೇಷ್ಯಾ, ಜೊತೆಗೆ ಭಾರತ. ಅಮೆರಿಕದ ರದ್ದಿ ಕೊಳ್ಳುವ ದೇಶಗಳ ಮುಂಚೂಣಿಯಲ್ಲಿ ಈಗ ನಾವೂ ಇದ್ದೇವೆ. ನಮ್ಮ ಮನೆಯ ಬಾಗಿಲಿಗೆ ಬರುವ ಕಂದು ಪೆಟ್ಟಿಗೆಯಲ್ಲಿ ಅಮೆರಿಕದ ಪೈನ್ ಮರದ ನಾರು ಬೆರೆತಿದ್ದರೆ ಅಚ್ಚರಿಯಿಲ್ಲ. ಚೀನಾದ ಕಂಪನಿಗಳು ತಿರುಳು ಮತ್ತು ಪೆಟ್ಟಿಗೆ ಮಾಡುವ ಸಿದ್ಧ ಕ್ರಾಫ್ಟ್ ಕಾಗದಕ್ಕಾಗಿ ಏಷ್ಯಾದ ಉಳಿದ ದೇಶಗಳತ್ತ ತಿರುಗಿದಾಗ ನಮ್ಮಲ್ಲಿಯೂ ಕ್ರಾಫ್ಟ್ ಕಾಗದ ತುಟ್ಟಿಯಾಯಿತು, ಪೆಟ್ಟಿಗೆ ಮಾಡುವ ಸಣ್ಣ ಘಟಕಗಳವರು ತಲೆಯ ಮೇಲೆ ಕೈಹೊತ್ತರು. ಬೀಜಿಂಗ್‌ನಲ್ಲಿ ಬರೆದ ಒಂದು ಆದೇಶ ಇಷ್ಟು ದೂರ ಬಂದು ಮುಟ್ಟುತ್ತದೆ.

ಜಾಂಗ್ ಅವರಿಗೆ ಈಗ ಎಪ್ಪತ್ತರ ಹತ್ತಿರ ಹತ್ತಿರ. ನೈನ್ ಡ್ರ್ಯಾಗನ್ಸ್ ವರ್ಷಕ್ಕೆ 2 ಕೋಟಿ ಟನ್‌ಗಿಂತ ಹೆಚ್ಚು ಕಾಗದ, ರಟ್ಟು ಮಾಡುವ ಸಾಮರ್ಥ್ಯದ ಕಂಪನಿ, ಜಗತ್ತಿನ ಅತಿ ದೊಡ್ಡವುಗಳಲ್ಲಿ ಒಂದು. ವಿಯೆಟ್ನಾಂ, ಮಲೇಷ್ಯಾಗಳಲ್ಲಿಯೂ ಅದರ ಕಾರ್ಖಾನೆಗಳಿವೆ. ಹೊರಗಿನ ಉದ್ದ ನಾರು ನಿಂತ ಮೇಲೆ ಚೀನಾದ ಒಳಗೇ ಸುತ್ತುವ ರದ್ದಿಯ ನಾರು ಸುತ್ತಿಗೊಮ್ಮೆ ಗಿಡ್ಡವಾಗುತ್ತಿದೆ. ಅದಕ್ಕೆ ಕಸು ತುಂಬಲು ಹೊಸ ನಾರು ಬೆರೆಸಲೇಬೇಕು. ಗುವಾಂಗ್‌ಶಿ ಸ್ವಾಯತ್ತ ಪ್ರದೇಶದ ಕಡಲತೀರದ ಬೇಹಾಯ್‌ನಲ್ಲಿ, ಹುಬೇಯ ಜಿಂಗ್‌ಝೌನಲ್ಲಿ ಕಂಪನಿ ಹೊಸ ನೆಲೆಗಳನ್ನು ಕಟ್ಟಿದೆ. ಅಲ್ಲಿನ ಕಡಾಯಿಗಳಲ್ಲಿ ಬೇಯುತ್ತಿರುವುದು ಹಳೆಯ ಪೆಟ್ಟಿಗೆಗಳಲ್ಲ. ಆಗಷ್ಟೇ ಕತ್ತರಿಸಿದ ಮರದ ಚಕ್ಕೆಗಳು.